ಚಾರ್ಟಿನಲ್ಲಿ ಇಲ್ಲದ ಟ್ರಿಲ್: ಕ್ಲಾರಿನೆಟ್‌ನಲ್ಲಿ ಬೆರಳು ಹುಡುಕಿಕೊಳ್ಳುವುದು ಹೇಗೆ?

ಪ್ರಶ್ನೆ: ಸರ್, ನಾನು ರಾಜಾಜಿನಗರದಲ್ಲಿ ಇದ್ದೇನೆ. ಚಿಕ್ಕವಳಿದ್ದಾಗ ಆರು ವರ್ಷ ಕರ್ನಾಟಕ ಸಂಗೀತ ಹಾಡುಗಾರಿಕೆ ಕಲಿತಿದ್ದೆ. ಈಗ ಮೂರು ವರ್ಷದಿಂದ ಬಿ ಫ್ಲ್ಯಾಟ್ ಕ್ಲಾರಿನೆಟ್ ಕಲಿಯುತ್ತಿದ್ದೇನೆ. ಸ್ಕೇಲ್‌ಗಳು ಸರಾಗವಾಗಿ ಬರುತ್ತವೆ. ಆದರೆ ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳನ್ನು ವೇಗವಾಗಿ ಒಂದಾದ ಮೇಲೊಂದು ಊದುವುದು) ಬಂದ ಕೂಡಲೇ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಮುಖ್ಯವಾಗಿ ಮಧ್ಯದ ಬಿ ಫ್ಲ್ಯಾಟ್–ಸಿ, ಎಫ್–ಎಫ್ ಶಾರ್ಪ್, ಮೇಲಿನ ಸಿ–ಸಿ ಶಾರ್ಪ್. ಯಾವ ಸ್ವರಕ್ಕೆ ಯಾವ ಬೆರಳು ಅಂತ ತೋರಿಸುವ ಫಿಂಗರಿಂಗ್ ಚಾರ್ಟ್ ನೋಡಿದರೆ ಒಂದೊಂದು ಟ್ರಿಲ್‌ಗೆ ಮೂರು ನಾಲ್ಕು ಫಿಂಗರಿಂಗ್ ಇರುತ್ತವೆ. ಕೆಲವು ನನ್ನ ವಾದ್ಯದಲ್ಲಿ ಅಪಸ್ವರವಾಗಿ ಕೇಳುತ್ತವೆ. ಯಾವುದು ಸರಿ? ಚಾರ್ಟಿನಲ್ಲಿ ಇಲ್ಲದ್ದನ್ನು ನಾನೇ ಹುಡುಕಿಕೊಳ್ಳಬಹುದಾ?

ಉತ್ತರ: ಖಂಡಿತ ಹುಡುಕಿಕೊಳ್ಳಬಹುದು. ನೀವು ಹಾಡುಗಾರಿಕೆ ಕಲಿತವರು, ಅದೇ ನಿಮಗೆ ದೊಡ್ಡ ಆಸ್ತಿ. ಟ್ರಿಲ್‌ಗೆ ಬೆರಳು ಹುಡುಕುವುದು ಕಿವಿಯ ಕೆಲಸ. ಚಾರ್ಟ್ ಒಂದು ಸಲಹೆ ಕೊಡುತ್ತದೆ ಅಷ್ಟೆ. ಅದನ್ನು ಬರೆದವರ ಕೈಯಲ್ಲಿ ಇದ್ದದ್ದು ಬೇರೆ ವಾದ್ಯ, ಬೇರೆ ಮೌತ್‌ಪೀಸ್, ಬೇರೆ ರೀಡ್. ಹಾಗಾಗಿ ನಿಮ್ಮ ವಾದ್ಯದಲ್ಲಿ ಅದೇ ಫಿಂಗರಿಂಗ್ ಸ್ವಲ್ಪ ಇಳಿದೋ ಏರಿಯೋ ಕೇಳಿದರೆ ನಿಮ್ಮದು ತಪ್ಪಲ್ಲ.

ಮೊದಲು ವಾದ್ಯ ನೋಡಿಕೊಳ್ಳಿ. ಬಲಗೈ ತೋರುಬೆರಳ ಪಕ್ಕದಲ್ಲಿ, ಮೇಲಿನ ಜಾಯಿಂಟ್‌ನ ಬದಿಗೆ, ಸಾಲಾಗಿ ನಾಲ್ಕು ಸೈಡ್ ಕೀ ಇವೆಯಾ? ಇದ್ದರೆ ನಿಮ್ಮದು ಬೋಮ್ ಸಿಸ್ಟಮ್ ಅನ್ನುವ ಕೀ ಜೋಡಣೆ. ಇವತ್ತು ಕಲಿಯುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಅದೇ: ಹದಿನೇಳು ಕೀ, ಆರು ಉಂಗುರ. ಹಳೆಯ ಬ್ಯಾಂಡ್ ಸೆಟ್‌ನವರಿಂದ ಬಂದ ಆಲ್ಬರ್ಟ್ ಸಿಸ್ಟಮ್ ವಾದ್ಯವಾದರೆ ನಾನು ಕೆಳಗೆ ಹೇಳುವ ಕೀಗಳು ಹೊಂದುವುದಿಲ್ಲ. ಹುಡುಕುವ ದಾರಿ ಮಾತ್ರ ಅದೇ. ಅಂದ ಹಾಗೆ, ಬೋಮ್ ಅಂತ ಹೆಸರಿದ್ದರೂ ಇದನ್ನು ಮಾಡಿದ್ದು ಬೋಮ್ ಅಲ್ಲ. ಅವರು ಕೊಳಲಿಗೆ ಮಾಡಿದ ಉಂಗುರದ ಉಪಾಯವನ್ನು ಪ್ಯಾರಿಸ್‌ನ ವಾದಕ ಕ್ಲೋಸೆ ಮತ್ತು ವಾದ್ಯ ತಯಾರಕ ಬುಫೆ ಸೇರಿ ಕ್ಲಾರಿನೆಟ್‌ಗೆ ತಂದರು. 1839ರಲ್ಲಿ ತೋರಿಸಿದರು, 1844ರಲ್ಲಿ ಪೇಟೆಂಟ್ ಪಡೆದರು. ಆ ನಾಲ್ಕು ಸೈಡ್ ಕೀಗಳಲ್ಲಿ ಮೇಲಿನ ಎರಡಕ್ಕೆ ಇವತ್ತಿಗೂ ಟ್ರಿಲ್ ಕೀ ಅಂತಲೇ ಹೆಸರು. ಕಷ್ಟದ ಟ್ರಿಲ್‌ಗಳಿಗೆ ವಾದ್ಯದಲ್ಲೇ ದಾರಿ ಮಾಡಿಟ್ಟಿದ್ದಾರೆ. ನಾವು ಅದನ್ನು ಬಳಸಬೇಕು, ಅಷ್ಟೆ.

ಈಗ ನಿಮ್ಮ ಬಿ ಫ್ಲ್ಯಾಟ್–ಸಿ ತೆಗೆದುಕೊಳ್ಳೋಣ. ಇದೊಂದು ಅರ್ಥವಾದರೆ ಉಳಿದವು ತಾನಾಗಿ ಬರುತ್ತವೆ.

ಮಧ್ಯದ ಬಿ ಫ್ಲ್ಯಾಟ್‌ಗೆ ಎಡಗೈ ತೋರುಬೆರಳು ಎ ಕೀ ಮೇಲೆ, ಹೆಬ್ಬೆರಳು ರಿಜಿಸ್ಟರ್ ಕೀ (ಸ್ವರವನ್ನು ಮೇಲಿನ ರಿಜಿಸ್ಟರ್‌ಗೆ, ಅಂದರೆ ಮೇಲಿನ ಸ್ತರಕ್ಕೆ, ಏರಿಸುವ ಕೀ) ಮೇಲೆ. ಮಿಕ್ಕ ಎಲ್ಲ ರಂಧ್ರಗಳೂ ತೆರೆದಿರುತ್ತವೆ. ಅದರ ಮುಂದಿನ ಸಿಗೆ ಹೆಬ್ಬೆರಳ ರಂಧ್ರ, ಆರು ಬೆರಳ ರಂಧ್ರ, ಜೊತೆಗೆ ಕಿರುಬೆರಳ ಕೀ, ಹೀಗೆ ಒಟ್ಟು ಎಂಟು ಕಡೆ ಒಂದೇ ಕ್ಷಣದಲ್ಲಿ ಮುಚ್ಚಬೇಕು. ಒಂದು ಸಲ ಹೋಗಿ ಬರುವುದೇ ಕಷ್ಟ, ಸೆಕೆಂಡಿಗೆ ಐದಾರು ಸಲ ಹೇಗೆ ಆಗುತ್ತದೆ? ಆಗುವುದಿಲ್ಲ. ಎಷ್ಟು ಸಾಧನೆ ಮಾಡಿದರೂ ಅದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಆದ್ದರಿಂದ ಮೊದಲ ನಿಯಮ: ಟ್ರಿಲ್‌ನಲ್ಲಿ ಆಡುವುದು ಒಂದೇ ಬೆರಳು. ಉಳಿದ ಬೆರಳುಗಳೆಲ್ಲ ಇದ್ದಲ್ಲೇ ಇರಬೇಕು.

ಹಾಗಾದರೆ ಬಿ ಫ್ಲ್ಯಾಟ್ ಹಿಡಿದೇ ಇಟ್ಟುಕೊಂಡು, ಅದಕ್ಕಿಂತ ಮೇಲೆ ಏನನ್ನು ತೆರೆದರೆ ಸಿ ಬರುತ್ತದೆ? ಕ್ಲಾರಿನೆಟ್‌ನಲ್ಲಿ ಮೌತ್‌ಪೀಸ್ ಕಡೆಗೆ ಹತ್ತಿರ ಇರುವ ರಂಧ್ರ ತೆರೆದರೆ ಸ್ವರ ಏರುತ್ತದೆ. ಅಲ್ಲಿ ನಮಗೆ ಸಿಗುವುದು ಸೈಡ್ ಕೀಗಳ ರಂಧ್ರಗಳು. ಬಿ ಫ್ಲ್ಯಾಟ್ ಊದುತ್ತಾ ಮೇಲಿನ ಎರಡು ಸೈಡ್ ಕೀಗಳನ್ನು ಬಲ ತೋರುಬೆರಳಿನಿಂದ ಒಟ್ಟಿಗೆ ಒತ್ತಿ. ಸಿ ಬಂತಲ್ವಾ? ಇದೇ ಎಲ್ಲರೂ ಬಳಸುವ ಬಿ ಫ್ಲ್ಯಾಟ್–ಸಿ ಟ್ರಿಲ್.

ಒತ್ತುವ ರೀತಿ ಗಮನಿಸಿ. ಬೆರಳ ತುದಿಯಿಂದ ಒತ್ತಬೇಡಿ. ತೋರುಬೆರಳ ಒಳಬದಿ, ಬುಡದ ಗಂಟಿನಿಂದ ಸ್ವಲ್ಪ ಮುಂದಿನ ಭಾಗ, ಅದು ಕೀಗೆ ತಾಗಿಕೊಂಡೇ ಇರಲಿ. ಬಾಗಿಲ ಚಿಲಕ ತಳ್ಳುವ ಹಾಗೆ ಇಡೀ ಕೈ ತಿರುಗಿಸಿದರೆ ಬಲಗೈ ಹೆಬ್ಬೆರಳ ಮೇಲೆ ವಾದ್ಯ ಅಲ್ಲಾಡುತ್ತದೆ. ಆಗ ಮೌತ್‌ಪೀಸ್ ತುಟಿಯಲ್ಲಿ ಕುಣಿಯುತ್ತದೆ, ಸ್ವರ ನಡುಗುತ್ತದೆ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹತ್ತಕ್ಕೆ ಎಂಟು ಜನರ ಟ್ರಿಲ್ ಕೆಡುವುದು ಇಲ್ಲೇ. ಫಿಂಗರಿಂಗ್ ಸರಿ ಇರುತ್ತದೆ, ಕೈ ಜಾಸ್ತಿ ಕೆಲಸ ಮಾಡುತ್ತಿರುತ್ತದೆ.

ಇಲ್ಲಿ ಬಿ ಫ್ಲ್ಯಾಟ್ ಸ್ವಲ್ಪ ಸೊರಗಿ ಕೇಳಬಹುದು. ಅದಕ್ಕೆ ಕಾರಣವಿದೆ. ರಿಜಿಸ್ಟರ್ ಕೀ ಕೆಳಗಿನ ಆ ಪುಟ್ಟ ರಂಧ್ರ ಎರಡು ದೋಣಿಯ ಮೇಲೆ ಕಾಲಿಟ್ಟಿದೆ. ಮೇಲಿನ ರಿಜಿಸ್ಟರ್‌ಗೆ ಏರಿಸುವುದೂ ಅದೇ, ಮಧ್ಯದ ಬಿ ಫ್ಲ್ಯಾಟ್ ಹೊರಡಿಸುವುದೂ ಅದೇ. ಸುಮ್ನೆ ಇರುವ ಬೆರಳುಗಳಿಗೆ ಕೆಲಸ ಕೊಡಿ. ಎಡಗೈ ಉಂಗುರಬೆರಳು, ಬಲಗೈ ನಡುಬೆರಳು, ಉಂಗುರಬೆರಳು, ಇವನ್ನು ಮುಚ್ಚಿ ನೋಡಿ. ಸ್ವರ ತುಂಬಿಕೊಂಡು ಬರುತ್ತದೆ. ಯಾವ ಜೋಡಿ ಮುಚ್ಚಿದರೆ ಚೆನ್ನ ಅನ್ನುವುದು ವಾದ್ಯದಿಂದ ವಾದ್ಯಕ್ಕೆ ಬದಲಾಗುತ್ತದೆ. ಅಲ್ಲೂ ಕಿವಿಯೇ ಹೇಳಬೇಕು.

ಇದರ ಅಕ್ಕಪಕ್ಕದವು ಈಗ ಸುಲಭ. ಎ–ಬಿ ಫ್ಲ್ಯಾಟ್ ಟ್ರಿಲ್‌ಗೆ ಎ ಹಿಡಿದು ಮೇಲಿನಿಂದ ಎರಡನೇ ಸೈಡ್ ಕೀ ಒತ್ತಿ. ಆ ಬಿ ಫ್ಲ್ಯಾಟ್ ಎಷ್ಟು ಸ್ವಚ್ಛವಾಗಿರುತ್ತದೆ ಅಂದರೆ, ಟ್ರಿಲ್ ಅಲ್ಲದ ಉದ್ದ ಸ್ವರಕ್ಕೂ ನಾನು ಅದನ್ನೇ ಬಳಸುತ್ತೇನೆ. ಎ–ಬಿಗೆ ಎ ಹಿಡಿದು ಮೇಲಿನ ಸೈಡ್ ಕೀ ಒಂದನ್ನೇ ಮೊದಲು ಆಡಿಸಿ. ಇಳಿದು ಕೇಳಿದರೆ ಎರಡೂ ಒತ್ತಿ ನೋಡಿ. ಜಿ–ಎಗೆ ಎ ಕೀಯನ್ನೇ ಆಡಿಸಬಹುದು. ಆ ಬೆರಳು ನಿಧಾನ ಅನ್ನಿಸಿದರೆ ಜಿ ಊದುತ್ತಾ ಮೇಲಿನ ಎರಡೂ ಸೈಡ್ ಕೀ ಪ್ರಯತ್ನಿಸಿ.

ನೋಡಿ, ಇಲ್ಲಿಯವರೆಗೆ ನಾವು ಮಾಡಿದ್ದು ಒಂದೇ ಕೆಲಸ. ಕೆಳಗಿನ ಸ್ವರ ಹಿಡಿದು, ಮೇಲೆ ಏನನ್ನಾದರೂ ತೆರೆಯುವುದು. ಇನ್ನೊಂದು ದಾರಿಯೂ ಇದೆ, ಅದು ಇದರ ತಿರುಗುಮುರುಗು. ಮೇಲಿನ ಸ್ವರ ಹಿಡಿದು, ತೆರೆದ ರಂಧ್ರದ ಕೆಳಗೆ ಏನನ್ನಾದರೂ ಮುಚ್ಚುವುದು. ಮುಚ್ಚಿದರೆ ಸ್ವರ ಸ್ವಲ್ಪ ಇಳಿಯುತ್ತದೆ. ಇದಕ್ಕೆ ಫೋರ್ಕ್ ಅನ್ನುತ್ತೇವೆ. ಕೆಳಗಿನ ರಿಜಿಸ್ಟರ್‌ನ ಇ ಹಿಡಿಯಿರಿ: ಹೆಬ್ಬೆರಳು, ಎಡ ತೋರುಬೆರಳು. ಈಗ ಬಲಗೈ ತೋರುಬೆರಳನ್ನು ಅದರ ಉಂಗುರದ ಮೇಲೆ ಇಡಿ. ಇ ಫ್ಲ್ಯಾಟ್ ಬಂತು. ಇ ಫ್ಲ್ಯಾಟ್–ಇ ಟ್ರಿಲ್‌ಗೆ ಇದಕ್ಕಿಂತ ಸುಲಭದ್ದು ಬೇಕಾ? ಬಲಗೈ ತೋರುಬೆರಳು ಒಂದೇ ಆಡುತ್ತದೆ. ಅದು ಎಲ್ಲ ಬೆರಳಿಗಿಂತ ಚುರುಕಿನದು ಬೇರೆ.

ಈ ಎರಡು ದಾರಿ ಗೊತ್ತಿದ್ದರೆ ಚಾರ್ಟ್ ಇಲ್ಲದೆಯೂ ನೀವು ಅರ್ಧ ಗೆದ್ದ ಹಾಗೆ. ಮೂರನೆಯದು ನನಗೆ ತುಂಬಾ ಇಷ್ಟವಾದದ್ದು, ಅದು ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಕೊಳಲಿನಲ್ಲಿ ಸ ಹಿಡಿದು ಗಾಳಿ ಹೆಚ್ಚಿಸಿದರೆ ಮೇಲಿನ ಸ ಬರುತ್ತದೆ. ಕ್ಲಾರಿನೆಟ್‌ನಲ್ಲಿ ಹಾಗಲ್ಲ. ಸ ಹಿಡಿದು ರಿಜಿಸ್ಟರ್ ಕೀ ಒತ್ತಿದರೆ ಮೇಲಿನ ಸ ದಾಟಿ ತಾರಸ್ಥಾಯಿ ಪ ಬರುತ್ತದೆ. ಕ್ಲಾರಿನೆಟ್ ಒಂದೇ ಅಗಲದ ಕೊಳವೆ, ರೀಡ್ ಇರುವ ತುದಿ ಮುಚ್ಚಿದ ತುದಿಯ ಹಾಗೆ ನಡೆದುಕೊಳ್ಳುತ್ತದೆ. ಅಂಥ ಕೊಳವೆಯಲ್ಲಿ ಮೂಲ ಸ್ವರದ ಮೂರು ಪಟ್ಟು, ಐದು ಪಟ್ಟು ಕಂಪನಗಳು ಗಟ್ಟಿ, ಎರಡು ಪಟ್ಟಿನದು ದುರ್ಬಲ. ಮೂರು ಪಟ್ಟು ಅಂದರೆ ತಾರದ ಪ. ಐದು ಪಟ್ಟು ಅಂದರೆ ಅದಕ್ಕೂ ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಆ ತಾರದ ಪವನ್ನು ಪಾಶ್ಚಾತ್ಯರು ಹನ್ನೆರಡನೇ ಸ್ವರ ಅಂತ ಎಣಿಸುತ್ತಾರೆ.

ಇದರಿಂದ ನಮಗೇನು ಲಾಭ? ಕೆಳಗೆ ಒಂದು ಟ್ರಿಲ್ ಸಿಕ್ಕರೆ, ಅದೇ ಬೆರಳಿಗೆ ರಿಜಿಸ್ಟರ್ ಕೀ ಸೇರಿಸಿದರೆ ಮೇಲೆ ಇನ್ನೊಂದು ಟ್ರಿಲ್ ಸಿಗುತ್ತದೆ. ನಿಮ್ಮ ಪತ್ರದ ಎಫ್–ಎಫ್ ಶಾರ್ಪ್ ಮತ್ತು ಮೇಲಿನ ಸಿ–ಸಿ ಶಾರ್ಪ್ ಎರಡು ಬೇರೆ ಕಷ್ಟಗಳು ಅಂತ ನೀವು ಅಂದುಕೊಂಡಿದ್ದೀರಿ. ಅವು ಒಂದೇ. ಎಫ್‌ಗೆ ಹೆಬ್ಬೆರಳು ಒಂದೇ ಮುಚ್ಚಿರುತ್ತದೆ. ಎಫ್ ಶಾರ್ಪ್‌ಗೆ ಹೆಬ್ಬೆರಳು ಎತ್ತಿ ತೋರುಬೆರಳು ಇಡಬೇಕು, ಹಾಗಾಗಿ ಎರಡು ಬೆರಳು ಎದುರುಬದುರು ಓಡುತ್ತವೆ. ಅಲ್ಲೇ ನೀವು ಎಡವುತ್ತಿರುವುದು. ಹೆಬ್ಬೆರಳನ್ನು ಎತ್ತಲೇಬೇಡಿ. ಎಫ್ ಹಿಡಿದು ಸೈಡ್ ಕೀಗಳಲ್ಲಿ ಕೆಳಗಿನ ಎರಡನ್ನು ಒಟ್ಟಿಗೆ ಒತ್ತಿ. ಎಫ್ ಶಾರ್ಪ್ ಬರುತ್ತದೆ. ಅದೇ ಬೆರಳು, ರಿಜಿಸ್ಟರ್ ಕೀ ಸೇರಿಸಿ ಊದಿ. ಮೇಲಿನ ಸಿ–ಸಿ ಶಾರ್ಪ್ ಬಂತು.

ಹೀಗೇ ಇನ್ನೂ ಮೂರು ಜೋಡಿ ಇವೆ. ಕೆಳಗಿನ ಡಿ ಹಿಡಿದು ಎಲ್ಲಕ್ಕಿಂತ ಕೆಳಗಿನ ಸೈಡ್ ಕೀ ಆಡಿಸಿದರೆ ಡಿ–ಇ ಫ್ಲ್ಯಾಟ್. ರಿಜಿಸ್ಟರ್ ಸೇರಿಸಿದರೆ ಎ–ಬಿ ಫ್ಲ್ಯಾಟ್. ಕೆಳಗಿನ ಬಿ ಫ್ಲ್ಯಾಟ್, ಅಂದರೆ ಎಡಗೈ ಮೂರು ಬೆರಳು ಮತ್ತು ಬಲ ತೋರುಬೆರಳು ಮುಚ್ಚಿದ್ದು, ಅದನ್ನು ಹಿಡಿದು ಬಲಗೈ ನಡುಬೆರಳು, ಉಂಗುರಬೆರಳ ನಡುವೆ ಇರುವ ಸಣ್ಣ ಸಪೂರ ಕೀಯನ್ನು ಉಂಗುರಬೆರಳಿನಿಂದ ಆಡಿಸಿ. ಬಿ ಫ್ಲ್ಯಾಟ್–ಬಿ ಆಯಿತು. ಮೇಲೆ ಅದೇ ಎಫ್–ಎಫ್ ಶಾರ್ಪ್. ಆ ಕೀಯನ್ನು ಎಷ್ಟೋ ಜನ ವರ್ಷಗಟ್ಟಲೆ ಮುಟ್ಟಿಯೇ ಇರುವುದಿಲ್ಲ. ದಯವಿಟ್ಟು ಮುಟ್ಟಿ. ಮೊದಲೇ ಹೇಳಿದ ಇ ಫ್ಲ್ಯಾಟ್–ಇ ಫೋರ್ಕ್ ಮೇಲೆ ಬಿ ಫ್ಲ್ಯಾಟ್–ಬಿ ಆಗುತ್ತದೆ. ನಾಲ್ಕು ಕಲಿತರೆ ಎಂಟು ಬಂದವು.

ಒಂದು ಎಚ್ಚರಿಕೆ. ಮೇಲೆ ಹೋದಾಗ ಶ್ರುತಿ ಅಷ್ಟೇ ಕರಾರುವಾಕ್ಕಾಗಿ ಇರುವುದಿಲ್ಲ. ರಿಜಿಸ್ಟರ್ ರಂಧ್ರ ಎಲ್ಲ ಸ್ವರಕ್ಕೂ ಒಂದೇ ಜಾಗದಲ್ಲಿ ಕೂತಿದೆ, ಅದು ಎಲ್ಲರಿಗೂ ಸರಿಹೊಂದಲಾರದು. ಆದ್ದರಿಂದ ಕೆಳಗೆ ಸರಿ ಇದ್ದದ್ದನ್ನು ಮೇಲೆ ಮತ್ತೆ ಕೇಳಿ ನೋಡಬೇಕು.

ಕೇಳುವುದು ಹೇಗೆ? ಇಲ್ಲಿ ನಿಮ್ಮ ಹಳೆಯ ಪಾಠ ಕೆಲಸಕ್ಕೆ ಬರುತ್ತದೆ. ಫೋನಿನಲ್ಲಿ ತಂಬೂರಿ ಆ್ಯಪ್ ಇದೆಯಲ್ವಾ? ಟ್ರಿಲ್‌ನ ಕೆಳಗಿನ ಸ್ವರವನ್ನು ಷಡ್ಜ ಮಾಡಿಕೊಳ್ಳಿ. ಬಿ ಫ್ಲ್ಯಾಟ್ ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಪೂರ್ತಿ ಸ್ವರ ಕೆಳಗೆ ನುಡಿಯುತ್ತದೆ ಅನ್ನುವುದು ನೆನಪಿರಲಿ. ಹಾಳೆಯಲ್ಲಿ ಎ ಇದ್ದರೆ ಆ್ಯಪ್‌ನಲ್ಲಿ ಜಿ ಇಡಬೇಕು. ಹಾಳೆಯಲ್ಲಿ ಬಿ ಫ್ಲ್ಯಾಟ್ ಇದ್ದರೆ ಜಿ ಶಾರ್ಪ್. ಅರ್ಧ ಸ್ವರದ ಟ್ರಿಲ್ ಆದರೆ ಅದು ಮಾಯಾಮಾಳವಗೌಳದ ಸ ರಿ. ಸರಳೆ ವರಸೆಯಲ್ಲಿ ನೀವು ಸಾವಿರ ಸಲ ಹಾಡಿದ್ದೀರಿ. ಪೂರ್ತಿ ಸ್ವರದ್ದಾದರೆ ಶಂಕರಾಭರಣದ ಸ ರಿ. ಮೊದಲು ಬಾಯಲ್ಲಿ ಹಾಡಿ, ಆಮೇಲೆ ಮಾಮೂಲು ಫಿಂಗರಿಂಗ್‌ನಲ್ಲಿ ನಿಧಾನ ಊದಿ, ಆಮೇಲೆ ಹೊಸ ಫಿಂಗರಿಂಗ್‌ನಲ್ಲಿ ಅಷ್ಟೇ ನಿಧಾನ ಊದಿ. ರಿಷಭ ಎಲ್ಲಿ ಕೂತಿತು ಅಂತ ನಿಮ್ಮ ಕಿವಿ ತಕ್ಷಣ ಹೇಳುತ್ತದೆ. ಟ್ಯೂನರ್ ಮುಳ್ಳು ನೋಡುತ್ತಾ ಕೂರುವುದಕ್ಕಿಂತ ಇದು ಬೇಗ.

ಎರಡು ಮೂರು ಫಿಂಗರಿಂಗ್‌ಗಳ ನಡುವೆ ಆರಿಸಬೇಕಾದಾಗ ನಾನು ಹೀಗೆ ಮಾಡುತ್ತೇನೆ. ಕೆಳಗಿನ ಸ್ವರ ನಿಖರವಾಗಿರಲೇಬೇಕು, ಅದರಲ್ಲಿ ರಾಜಿ ಇಲ್ಲ. ಮೇಲಿನ ಸ್ವರ ಕೂದಲೆಳೆಯಷ್ಟು ಏರಿದ್ದರೆ ಪರವಾಗಿಲ್ಲ, ವೇಗದಲ್ಲಿ ಹೊಳಪಾಗಿ ಕೇಳುತ್ತದೆ. ಇಳಿದಿದ್ದರೆ ಬೇಡ. ಇಳಿದ ಟ್ರಿಲ್ ಬಾಡಿದ ಸೊಪ್ಪಿನ ಹಾಗೆ, ಎಷ್ಟು ಜೋರಾಗಿ ಊದಿದರೂ ನೆಟ್ಟಗಾಗುವುದಿಲ್ಲ. ನಿಧಾನವಾದ ಹಾಡಿನ ತುಣುಕಿನಲ್ಲಿ ಟ್ರಿಲ್ ಕೂಡ ನಿಧಾನ, ಆಗ ಮೇಲಿನ ಸ್ವರ ಸ್ಪಷ್ಟವಾಗಿ ಕೇಳುತ್ತದೆ. ಅಲ್ಲಿ ಕಷ್ಟವಾದರೂ ಶ್ರುತಿ ಶುದ್ಧವಾದ ಫಿಂಗರಿಂಗ್ ಆರಿಸಿ. ವೇಗದ ತುಣುಕಿನಲ್ಲಿ ಕೈಗೆ ಸುಲಭವಾದದ್ದು ಆರಿಸಿ. ಒಂದೇ ಟ್ರಿಲ್‌ಗೆ ಎರಡು ಫಿಂಗರಿಂಗ್ ಇಟ್ಟುಕೊಳ್ಳುವುದು ತಪ್ಪಲ್ಲ, ಒಳ್ಳೆಯದೇ.

ಕರ್ನಾಟಕ ಸಂಗೀತದಿಂದ ಬಂದವರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಿವಿ ಕಂಪಿತಕ್ಕೆ ಒಗ್ಗಿದೆ. ಕಂಪಿತದಲ್ಲಿ ಸ್ವರ ತೂಗುತ್ತದೆ, ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ. ಎ.ಕೆ.ಸಿ. ನಟರಾಜನ್ ಅವರ ಕ್ಲಾರಿನೆಟ್ ಕೇಳಿ, ರಾಯಚೂರು ಕಡೆಯ ಪಂಡಿತ್ ನರಸಿಂಹಲು ವಡವಾಟಿಯವರ ಹಿಂದೂಸ್ತಾನಿ ವಾದನ ಕೇಳಿ. ಇದೇ ವಾದ್ಯದಲ್ಲಿ ಗಮಕ, ಮೀಂಡ್ ಎಷ್ಟು ಚೆಂದ ಬರುತ್ತದೆ! ಆದರೆ ಪಾಶ್ಚಾತ್ಯ ಟ್ರಿಲ್‌ಗೆ ಜಾರು ಬೇಡ. ಎರಡು ಸ್ವರ ಬೇರೆ ಬೇರೆಯಾಗಿ, ಮಣಿ ಪೋಣಿಸಿದ ಹಾಗೆ ಕೇಳಬೇಕು. ತುಟಿ ಅಲ್ಲಾಡಬಾರದು, ಗಾಳಿ ಒಂದೇ ಸಮ ಹೋಗಬೇಕು. ನೀವು ಗೊತ್ತಿಲ್ಲದೆ ತುಟಿಯಿಂದ ಸ್ವರ ಬಾಗಿಸುತ್ತಿದ್ದರೆ ಯಾವ ಫಿಂಗರಿಂಗೂ ಸರಿ ಕೇಳುವುದಿಲ್ಲ. ಫಿಂಗರಿಂಗ್ ಬದಲಿಸುವ ಮೊದಲು ಇದನ್ನು ಪರೀಕ್ಷೆ ಮಾಡಿಕೊಳ್ಳಿ.

ಇನ್ನೂ ಮೇಲೆ, ಆಲ್ಟಿಸಿಮೊ ಅನ್ನುವ ಅತಿ ಎತ್ತರದ ಸ್ವರಗಳಲ್ಲಿ, ಆಯ್ಕೆಗಳು ಬಹಳ. ಅಲ್ಲಿ ಎಡ ತೋರುಬೆರಳು ಎತ್ತಿರುತ್ತದೆ, ಐದು ಪಟ್ಟಿನ ಕಂಪನ ಕೆಲಸ ಮಾಡುತ್ತಿರುತ್ತದೆ. ಸಣ್ಣ ಬದಲಾವಣೆಗೂ ಸ್ವರ ಹಾರುತ್ತದೆ. ನಿಮಗೆ ಈಗ ಬೇಕಾದದ್ದು ಒಂದೇ ಅನ್ನಿಸುತ್ತದೆ: ಡಿ–ಇ. ಮೇಲಿನ ಡಿಯನ್ನು ಮಾಮೂಲಿನಂತೆ ಹಿಡಿದು, ಬಲ ಕಿರುಬೆರಳ ಇ ಫ್ಲ್ಯಾಟ್ ಕೀ ಬಿಡದೆ, ಬಲ ತೋರುಬೆರಳು ಒಂದನ್ನೇ ಎತ್ತಿ ಇಡಿ. ಇಷ್ಟು ದೊಡ್ಡ ಎತ್ತರದಲ್ಲಿ ಇಷ್ಟು ಸುಲಭದ ಟ್ರಿಲ್ ಇದೆ ಅಂತ ಗೊತ್ತಾದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ.

ಟ್ರಿಲ್‌ನ ಶುರು ಮತ್ತು ಕೊನೆಗೆ ಮಾಮೂಲು ಫಿಂಗರಿಂಗ್ ಬಳಸಿ, ನಡುವೆ ಮಾತ್ರ ಟ್ರಿಲ್ ಫಿಂಗರಿಂಗ್. ಕೇಳುವವರ ಕಿವಿಗೆ ಗಟ್ಟಿಯಾಗಿ ಬೀಳುವುದು ಮೊದಲ ಸ್ವರ, ಕೊನೆಯ ಸ್ವರ. ಮೊಟ್ಸಾರ್ಟ್ ಕಾಲದ ಸಂಗೀತದಲ್ಲಿ ಟ್ರಿಲ್ ಸಾಮಾನ್ಯವಾಗಿ ಮೇಲಿನ ಸ್ವರದಿಂದ ಶುರುವಾಗುತ್ತದೆ. ಆಗ ಮೊದಲ ಮೇಲಿನ ಸ್ವರ ಮಾಮೂಲು ಬೆರಳಿನಲ್ಲಿ ಸ್ವಚ್ಛವಾಗಿ ಬಂದರೆ, ಆಮೇಲಿನವು ಸ್ವಲ್ಪ ಆಚೀಚೆ ಆದರೂ ಯಾರಿಗೂ ಅನ್ನಿಸುವುದಿಲ್ಲ. ಬಿ ಫ್ಲ್ಯಾಟ್–ಸಿಯಲ್ಲಿ ಮಾತ್ರ ಇದು ಕಷ್ಟ, ಬ್ರೇಕ್ (ಕೆಳಗಿನ ರಿಜಿಸ್ಟರ್ ಮತ್ತು ಮೇಲಿನದರ ನಡುವಿನ ಗಡಿ) ದಾಟಬೇಕು. ಅಲ್ಲಿ ನಾನು ಸೈಡ್ ಕೀ ಸಿಯಿಂದಲೇ ಶುರು ಮಾಡುತ್ತೇನೆ. ಟ್ರಿಲ್ ಮುಗಿದ ಮೇಲೆ ಹಾಡು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ನೋಡಿ. ಕೈ ಅಲ್ಲಿಂದ ಮುಂದಿನ ಸ್ವರಕ್ಕೆ ಹೋಗಲಾರದಿದ್ದರೆ ಎಷ್ಟೇ ಚೆಂದದ ಫಿಂಗರಿಂಗ್ ಆದರೂ ಪ್ರಯೋಜನ ಇಲ್ಲ.

ಸಾಧನೆಗೆ ಮೆಟ್ರೊನೋಮ್ 60ಕ್ಕೆ ಇಡಿ. ಒಂದು ಬೀಟ್‌ಗೆ ಎರಡು ಸ್ವರ, ಆಮೇಲೆ ಮೂರು, ನಾಲ್ಕು, ಆರು, ಎಂಟು. ಬೆರಳು ಕೀಯಿಂದ ಎಷ್ಟು ಮೇಲೆ ಏಳುತ್ತಿದೆ ಅಂತ ಕನ್ನಡಿಯಲ್ಲಿ ನೋಡಿ. ಬಿಗಿ ಬಂದ ಕ್ಷಣ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಬನ್ನಿ. ದಿನಕ್ಕೆ ಹತ್ತು ನಿಮಿಷ ಸಾಕು.

ಒಂದು ನೋಟ್‌ಬುಕ್ ಇಡಿ. ಸಿಕ್ಕ ಪ್ರತಿ ಫಿಂಗರಿಂಗ್ ಬರೆಯಿರಿ, ಪಕ್ಕದಲ್ಲಿ ಶ್ರುತಿ ಏರಿದೆಯೋ ಇಳಿದಿದೆಯೋ ಅಂತ ಒಂದು ಬಾಣ ಹಾಕಿ. ನನ್ನ ನೋಟ್‌ಬುಕ್ಕಿನಲ್ಲಿ ಎರಡು ವಾದ್ಯಗಳಿಗೆ ಎರಡು ಭಾಗ ಇದೆ. ಅದಕ್ಕೆ ಕಾರಣ, ಒಂದು ಸಲ ನನ್ನ ಮರದ ಕ್ಲಾರಿನೆಟ್ ರಿಪೇರಿಗೆ ಹೋಗಿದ್ದಾಗ ಗೆಳೆಯನ ಪ್ಲಾಸ್ಟಿಕ್ ವಾದ್ಯ ಎರವಲು ತಂದು ಕಾರ್ಯಕ್ರಮಕ್ಕೆ ಹೋದೆ. ಎ–ಬಿ ಟ್ರಿಲ್‌ಗೆ ಅಭ್ಯಾಸದಂತೆ ಮೇಲಿನ ಕೀ ಒಂದನ್ನೇ ಒತ್ತಿದೆ. ಬಿ ಇಳಿದು ಬಂತು. ಪಕ್ಕದಲ್ಲಿ ವಯಲಿನ್‌ನವರು ಅದೇ ಸ್ವರ ಹಿಡಿದಿದ್ದರು. ಆ ಎರಡು ಬಾರ್ ಮುಗಿಯುವವರೆಗೆ ನನಗಾದ ಸಂಕಟ ಹೇಳತೀರದು. ಮನೆಗೆ ಬಂದು ಆ ವಾದ್ಯದಲ್ಲಿ ಎರಡೂ ಕೀ ಒತ್ತಿ ನೋಡಿದೆ, ಸರಿಯಾಗಿತ್ತು. ಐದು ನಿಮಿಷ ಮೊದಲೇ ಕೇಳಿ ನೋಡಿದ್ದರೆ ಸಾಕಿತ್ತು.

ಕೊನೆಯದಾಗಿ, ನಿನ್ನೆ ಚೆನ್ನಾಗಿದ್ದ ಟ್ರಿಲ್ ಇವತ್ತು ಗುಳುಗುಳು ಅಂದರೆ ಫಿಂಗರಿಂಗ್ ಬದಲಿಸಲು ಹೋಗಬೇಡಿ. ಡಿಸೆಂಬರ್, ಜನವರಿಯ ಬೆಂಗಳೂರಿನ ಬೆಳಗಿನ ಚಳಿಯಲ್ಲಿ ತಣ್ಣಗಿನ ವಾದ್ಯದೊಳಗೆ ಉಸಿರಿನ ಆವಿ ನೀರಾಗುತ್ತದೆ. ಅದು ಎ ಕೀ, ಸೈಡ್ ಕೀಗಳ ರಂಧ್ರಕ್ಕೆ ಇಳಿಯುತ್ತದೆ. ಕೀ ತೆರೆದು ಅಲ್ಲಿ ಫೂ ಅಂತ ಊದಿ. ಆಮೇಲೆ ಪ್ಯಾಡ್ ಕೆಳಗೆ ತೆಳು ಕಾಗದ ಇಟ್ಟು ಮೆಲ್ಲಗೆ ಒತ್ತಿ ತೆಗೆಯಿರಿ. ಸ್ವಾಬ್ (ವಾದ್ಯದ ಒಳಗೆ ಒರೆಸುವ ಬಟ್ಟೆ) ಎರಡು ಸಲ ಎಳೆಯಿರಿ. ಊದುವ ಮೊದಲು ಮೇಲಿನ ಜಾಯಿಂಟನ್ನು ಐದು ನಿಮಿಷ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡರೆ ಈ ತೊಂದರೆ ಎಷ್ಟೋ ಕಡಿಮೆ. ಸೈಡ್ ಕೀ ಒತ್ತಿ ಬಿಟ್ಟಾಗ ಸೋಮಾರಿಯಂತೆ ಮೇಲೇಳುತ್ತಿದ್ದರೆ ಮಾತ್ರ ಅದು ಸ್ಪ್ರಿಂಗ್ ಸಮಸ್ಯೆ, ರಿಪೇರಿಯವರಿಗೆ ತೋರಿಸಿ. ನೀವೇ ಬಗ್ಗಿಸಲು ಹೋಗಬೇಡಿ, ಆ ಸ್ಪ್ರಿಂಗ್ ಪಟ್ಟನೆ ಮುರಿಯುತ್ತದೆ.

ಮೊದಲ ವಾರ ಎಫ್–ಎಫ್ ಶಾರ್ಪ್ ಒಂದನ್ನೇ ಹಿಡಿಯಿರಿ, ಎರಡನೇ ವಾರ ಅದಕ್ಕೇ ರಿಜಿಸ್ಟರ್ ಕೀ ಸೇರಿಸಿ. ಬಿ ಫ್ಲ್ಯಾಟ್–ಸಿ ಮೂರನೇ ವಾರಕ್ಕೆ ಇರಲಿ. ಯಾವ ಬೆರಳು ಮುಚ್ಚಿದಾಗ ನಿಮ್ಮ ಬಿ ಫ್ಲ್ಯಾಟ್ ತುಂಬಿ ಬಂತು ಅಂತ ಬರೆದು ತಿಳಿಸಿ. ನನಗೆ ಕೇಳುವ ಆಸೆ ಇದೆ.